ಇನ್ನೊಂದು ನಾಯಿ ತಂದರೆ ಮೊದಲನೆಯದು ಸರಿಹೋಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪುರವಣಿಯಲ್ಲಿ ಸಾಕುಪ್ರಾಣಿಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವ ಅಂಕಣ ಬರುತ್ತದಲ್ಲ, ಅದನ್ನು ನಾನು ತಪ್ಪದೆ ಓದುತ್ತೇನೆ. ಕಳೆದ ವಾರ ಒಬ್ಬರು ಕೇಳಿದ್ದರು: ಮನೆಯವರೆಲ್ಲ ಹೊರಗೆ ಹೋದರೆ ನಮ್ಮ ನಾಯಿ ಒಂದೇ ಸಮನೆ ಕೂಗುತ್ತದೆ, ಬಾಗಿಲು ಕೆರೆಯುತ್ತದೆ, ಏನು ಮಾಡೋಣ? ಉತ್ತರ ಎರಡೇ ಸಾಲು. ಅದಕ್ಕೆ ಬೇಸರ ಆಗಿದೆ, ಜೊತೆಗೆ ಇನ್ನೊಂದು ನಾಯಿ ತನ್ನಿ, ಸರಿಹೋಗುತ್ತದೆ ಅಂತ. ಆ ಎರಡು ಸಾಲು ಓದಿ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಈ ಪತ್ರ.

ಒಂಟಿಯಾಗಿದ್ದಾಗ ಗಾಬರಿ ಬೀಳುವ ನಾಯಿ ಹುಡುಕುವುದು ಹೆಚ್ಚಾಗಿ ತನ್ನ ಮನುಷ್ಯರನ್ನು. ಪಕ್ಕದಲ್ಲಿ ಇನ್ನೊಂದು ನಾಯಿ ಮಲಗಿದ್ದರೂ ಅದು ಬಾಗಿಲನ್ನೇ ನೋಡುತ್ತಾ ಕೂಗುತ್ತದೆ. ಕೆಲವು ಮನೆಗಳಲ್ಲಿ ಹೊಸದಾಗಿ ಬಂದ ಮರಿಯೂ ಅದನ್ನು ನೋಡಿ ದನಿಗೂಡಿಸುತ್ತದೆ. ಅಂಥ ನಾಯಿಗೆ ಬೇಕಾದದ್ದು ನಿಧಾನದ ಅಭ್ಯಾಸ. ನಾವು ಬಾಗಿಲು ದಾಟಿ, ಅದು ಗಾಬರಿ ಬೀಳುವ ಮೊದಲೇ ಒಳಗೆ ಬರಬೇಕು. ಮುಂದಿನ ಸಲ ಸ್ವಲ್ಪ ಜಾಸ್ತಿ ಹೊತ್ತು. ನಾವಿಲ್ಲದಾಗ ಅದು ಏನು ಮಾಡುತ್ತದೆ ಎಂದು ಫೋನ್ ಇಟ್ಟು ವಿಡಿಯೊ ಮಾಡಿ ನೋಡಬೇಕು. ಗಾಬರಿ ತೀರಾ ಜಾಸ್ತಿ ಇದ್ದರೆ ಪಶುವೈದ್ಯರು ಔಷಧಿಯನ್ನೂ ಕೊಡುತ್ತಾರೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಈ ಕೆಲಸ ಯಾವುದನ್ನೂ ಮಾಡದೆ ಇನ್ನೊಂದು ಜೀವವನ್ನು ಮನೆಗೆ ತಂದರೆ ಆ ಜೀವಕ್ಕೂ ಅನ್ಯಾಯ, ಮೊದಲಿನದಕ್ಕೂ ಅನ್ಯಾಯ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ, ನಮ್ಮ ಮನೆಯಲ್ಲಿ ನಾಲ್ಕು ನಾಯಿಗಳಿವೆ, ನಾಲ್ಕೂ ನಾಲ್ಕು ಥರ. ರಾಜ ವಯಸ್ಸಾದ ಲ್ಯಾಬ್ರಡಾರ್, ಹಿಂಗಾಲಿನ ಕೀಲುಗಳಲ್ಲಿ ನೋವು. ಬೆಳ್ಳಿ ಮೈಯೆಲ್ಲ ಬಿಳಿ, ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಕರಿಯ ಬೀದಿಯಲ್ಲೇ ಬೆಳೆದು ದೊಡ್ಡವನಾದ ಮೇಲೆ ನಮ್ಮಲ್ಲಿಗೆ ಬಂದವನು, ಹೊಸಬರನ್ನು ಕಂಡರೆ ಮಂಚದ ಕೆಳಗೆ ಸೇರುತ್ತಾನೆ. ಚುಕ್ಕಿ ಬಾರ್ಡರ್ ಕೋಲಿ, ಈಗಷ್ಟೇ ವರ್ಷ ದಾಟಿದವಳು, ಎದ್ದಾಗಿನಿಂದ ಮಲಗುವವರೆಗೂ ಅವಳಿಗೆ ಏನಾದರೂ ಕೆಲಸ ಬೇಕು. ಇವರನ್ನು ಒಂದು ಗುಂಪು ಅಂತ ನೋಡಿದರೆ ಒಂದು ದಿನವೂ ನೆಮ್ಮದಿಯಾಗಿ ಕಳೆಯುವುದಿಲ್ಲ. ಪ್ರತಿಯೊಬ್ಬರಿಗೂ ದಿನದಲ್ಲಿ ತನ್ನದೇ ಸ್ವಲ್ಪ ಹೊತ್ತು ಬೇಕು, ಮನೆಯಲ್ಲಿ ತನ್ನದೇ ಒಂದು ಜಾಗ ಬೇಕು. ನಾನು ಹೇಳಬೇಕಿರುವುದು ಇಷ್ಟೇ, ಆದರೆ ಇದನ್ನು ಮಾಡುವುದು ಹೇಗೆ ಎನ್ನುವುದು ದೊಡ್ಡ ಕಥೆ.

ಕಲಿಸುವ ವಿಷಯಕ್ಕೆ ಬರೋಣ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು 'ಬಾ', 'ಕೂತ್ಕೋ' ಅಂತ ಕೂಗಿದರೆ ಆ ಮಾತು ತನಗೆ ಅಂತ ಯಾವ ನಾಯಿಗೂ ಅನ್ನಿಸುವುದಿಲ್ಲ. ಮೊದಲು ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆದುಕೊಂಡು ಹೋಗಬೇಕು, ಬಾಗಿಲು ಹಾಕಬೇಕು. ಹೆಸರು ಹೇಳಿದ ತಕ್ಷಣ ಮುಖ ತಿರುಗಿಸಿ ನೋಡಿದರೆ ಒಂದು ಟ್ರೀಟ್. ಹೆಸರೇ ಗಟ್ಟಿಯಾಗದೆ ಮುಂದೆ ಹೋಗಬಾರದು, ಯಾಕೆಂದರೆ ನಾಲ್ಕು ನಾಯಿಗಳ ಮನೆಯಲ್ಲಿ 'ಚುಕ್ಕಿ, ಬಾ' ಅಂದಾಗ ಚುಕ್ಕಿ ಮಾತ್ರ ಏಳಬೇಕು, ಉಳಿದವರು ಆ ಮಾತು ತಮ್ಮದಲ್ಲ ಎಂದು ತಿಳಿದು ಆರಾಮಾಗಿ ಮಲಗಿರಬೇಕು. ಒಬ್ಬೊಬ್ಬರಿಗೂ ಪಾಠ ಚೆನ್ನಾಗಿ ಬಂದ ಮೇಲೆ ಇಬ್ಬರನ್ನು ಜೊತೆಗೆ ಕೂರಿಸಬಹುದು. ಆಗ ಒಬ್ಬಳಿಗೆ ಪಾಠ, ಇನ್ನೊಬ್ಬನಿಗೆ ಚಾಪೆಯ ಮೇಲೆ ಕಾಯುವ ಕೆಲಸ. ಕಾಯುವುದೇ ದೊಡ್ಡ ಕಷ್ಟ, ಹಾಗಾಗಿ ಟ್ರೀಟ್ ಕಾಯುವವನಿಗೇ ಜಾಸ್ತಿ ಬೀಳಬೇಕು. ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ. ಎದುರಿಗೆ ಕುಣಿಯುವವನಿಗೆ ಎಲ್ಲ ಸಿಗುತ್ತದೆ, ಚಾಪೆ ಮೇಲೆ ಸುಮ್ನೆ ಕೂತವನನ್ನು ಯಾರೂ ನೋಡುವುದಿಲ್ಲ. ಮತ್ತೆ ಅವನು ಎದ್ದು ಬರದೆ ಇನ್ನೇನು ಮಾಡುತ್ತಾನೆ?

ನಾಯಿಗಳಿಗೆ ಈ ಲೆಕ್ಕ ಗೊತ್ತಾಗುತ್ತದೆ. 2008ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಫ್ರೀಡರಿಕೆ ರಾಂಗೆ ಮತ್ತು ಅವರ ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎರಡು ನಾಯಿಗಳನ್ನು ಅಕ್ಕಪಕ್ಕ ಕೂರಿಸಿ ಎರಡರಿಂದಲೂ 'ಶೇಕ್ ಹ್ಯಾಂಡ್' ಕೇಳಿದರು, ತಿಂಡಿ ಒಂದಕ್ಕೆ ಮಾತ್ರ ಕೊಟ್ಟರು. ಏನೂ ಸಿಗದ ನಾಯಿ ಸ್ವಲ್ಪ ಹೊತ್ತಿಗೇ ಕಾಲು ಕೊಡುವುದನ್ನು ನಿಲ್ಲಿಸಿತು. ಒಂಟಿಯಾಗಿದ್ದಾಗ ತಿಂಡಿ ಇಲ್ಲದಿದ್ದರೂ ಅದಕ್ಕಿಂತ ಜಾಸ್ತಿ ಸಲ ಕಾಲು ಕೊಟ್ಟಿದ್ದವು. ಇನ್ನೊಂದು ಸಂಗತಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಒಂದಕ್ಕೆ ಬ್ರೆಡ್ಡು, ಇನ್ನೊಂದಕ್ಕೆ ಸಾಸೇಜು ಕೊಟ್ಟಾಗ ಅವು ತಕರಾರು ಮಾಡಲಿಲ್ಲ. ಅಂದರೆ ಎಲ್ಲರಿಗೂ ಒಂದೇ ತಿಂಡಿ ಕೊಡಬೇಕಿಲ್ಲ, ಆದರೆ ಯಾರನ್ನೂ ಬರಿಗೈಲಿ ಕಳಿಸಬಾರದು. ರಾಜನ ತೂಕ ಏರಬಾರದು ಅಂತ ಡಾಕ್ಟರು ಹೇಳಿದ್ದಾರೆ, ಅವನಿಗೆ ಅವನ ಊಟದಿಂದಲೇ ಎತ್ತಿಟ್ಟ ಚೂರು ಸಿಗುತ್ತದೆ. ಅವನಿಗೆ ಅಷ್ಟರಲ್ಲೇ ಸಂತೋಷ.

ಬೆಳ್ಳಿಯ ವಿಷಯ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಕಿವುಡು ನಾಯಿಗೆ ಏನನ್ನೂ ಕಲಿಸಲು ಆಗುವುದಿಲ್ಲ, ಬೇರೆ ನಾಯಿಗಳ ಜೊತೆ ಇಡುವುದಂತೂ ಸಾಧ್ಯವೇ ಇಲ್ಲ ಎಂದು ನಂಬಿದವರು ಬಹಳ ಜನ. ಮೈ ಮೇಲೆ ಬಿಳಿ ಜಾಸ್ತಿ ಇರುವ ನಾಯಿಗಳಲ್ಲಿ ಹುಟ್ಟು ಕಿವುಡು ಹೆಚ್ಚು ಕಾಣುತ್ತದೆ. ಡಾಲ್ಮೇಶಿಯನ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಕಿವಿಯ ಒಳಭಾಗದಲ್ಲಿ ಬಣ್ಣ ಕೊಡುವ ಜೀವಕೋಶಗಳು ಇಲ್ಲದಿದ್ದರೆ, ಶಬ್ದ ಹಿಡಿಯುವ ಕೋಶಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸತ್ತುಹೋಗುತ್ತವೆ. ಬುದ್ಧಿಗೆ ಅದರಿಂದ ಏನೂ ಆಗುವುದಿಲ್ಲ. ಬೆಳ್ಳಿಗೆ ಕೈಸನ್ನೆಯಲ್ಲೇ ಎಲ್ಲ ಕಲಿಸಿದ್ದೇವೆ. ಹೆಬ್ಬೆರಳು ಎತ್ತಿ ತೋರಿಸಿದರೆ 'ಶಭಾಷ್'. ಅಂಗೈ ಕೆಳಗೆ ಮಾಡಿದರೆ 'ಮಲಗು'. ಅವಳಿಗಾಗಿ ಕಲಿತ ಸನ್ನೆಗಳನ್ನು ಉಳಿದ ಮೂವರಿಗೂ ಕಲಿಸಿದೆವು, ಅದರಿಂದ ಮನೆಯಲ್ಲಿ ಕೂಗಾಟವೇ ಕಡಿಮೆಯಾಯಿತು. ಮಾತಿಗಿಂತ ಕೈಸನ್ನೆಯನ್ನು ನಾಯಿಗಳು ಬೇಗ ಹಿಡಿಯುತ್ತವೆ. ರಾಜನಿಗೆ ವಯಸ್ಸಾಗಿ ಕಿವಿ ಮಂದವಾಗುತ್ತಿರುವ ಈ ಹೊತ್ತಿನಲ್ಲಿ ಆ ಪಾಠ ಅವನ ಕೈ ಹಿಡಿದಿದೆ.

ಕಿವುಡು ನಾಯಿ ಮಲಗಿದ್ದಾಗ ಥಟ್ಟನೆ ಮುಟ್ಟಬಾರದು. ಮೂಗಿನ ಹತ್ತಿರ ಕೈ ಹಿಡಿದರೆ ವಾಸನೆಗೇ ಎಚ್ಚರವಾಗುತ್ತದೆ, ಆಮೇಲೆ ಮೆಲ್ಲಗೆ ಭುಜ ಮುಟ್ಟಿ, ಕಣ್ಣು ಬಿಟ್ಟ ತಕ್ಷಣ ಟ್ರೀಟ್ ಕೊಡಬೇಕು. ಇದು ಎಲ್ಲ ಪುಸ್ತಕಗಳಲ್ಲೂ ಇದೆ. ಹಲವು ನಾಯಿಗಳ ಮನೆಯಲ್ಲಿ ಇನ್ನೊಂದು ತೊಂದರೆ ಇದೆ, ಅದನ್ನು ಹೇಳುವವರು ಕಡಿಮೆ. ಬೇರೆ ನಾಯಿ ಗುರ್ ಅಂದರೆ ಬೆಳ್ಳಿಗೆ ಕೇಳಿಸುವುದಿಲ್ಲ! ರಾಜ ನೋವಿನಲ್ಲಿ ಮಲಗಿರುತ್ತಾನೆ, ಹತ್ತಿರ ಬರಬೇಡ ಎಂದು ಗುರುಗುಟ್ಟುತ್ತಾನೆ, ಅವಳು ಹಿಂದಿನಿಂದ ಆರಾಮಾಗಿ ಬಂದು ಅವನ ಸೊಂಟದ ಮೇಲೆ ತಲೆ ಇಡುತ್ತಾಳೆ. ಅವನು ಹೇಳಬೇಕಾದ್ದನ್ನು ಹೇಳಿ ಆಗಿದೆ, ಅವಳಿಗೆ ಮುಟ್ಟಿಲ್ಲ, ಮುಂದಿನದು ಹಲ್ಲು. ಇಲ್ಲಿ ಇಬ್ಬರದೂ ತಪ್ಪಿಲ್ಲ. ಇಂಥ ಕಡೆ ನಡುವೆ ನಿಲ್ಲುವುದು ಮನುಷ್ಯರ ಕೆಲಸ. ಅದಕ್ಕೇ ರಾಜನ ಹಾಸಿಗೆ ಗೋಡೆ ಮೂಲೆಯಲ್ಲಿ, ಮುಂದೆ ಒಂದು ಚಿಕ್ಕ ಅಡ್ಡಗೇಟು. ಅವನ ಮುಖ ಕಾಣದೆ ಯಾರೂ ಅವನ ಹತ್ತಿರ ಹೋಗುವಂತಿಲ್ಲ.

ಗುರುಗುಟ್ಟಿದ್ದಕ್ಕೆ ನಾಯಿಯನ್ನು ಬೈಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಬೈದು ಬೈದು ಅದನ್ನು ನಿಲ್ಲಿಸಿದರೆ ಕೋಪ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ, ಆಮೇಲೆ 'ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚಿತು' ಅಂತಾರೆ. ಗುರುಗುಟ್ಟುವ ಮೊದಲೂ ಅದು ಎಷ್ಟೋ ಹೇಳಿರುತ್ತದೆ. ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ನಿದ್ದೆ ಇಲ್ಲದೆಯೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಬಿಗಿ ಹಿಡಿದು ಕಲ್ಲಾಗುತ್ತದೆ. ಬಟ್ಟಲಿನ ಮುಂದೆ ನಾಯಿ ಹಾಗೆ ಅಲುಗಾಡದೆ ನಿಂತುಬಿಟ್ಟರೆ ಅದು ಬೊಗಳಾಟಕ್ಕಿಂತ ಗಂಭೀರ. ಮುದಿ ನಾಯಿ ಹೊಸದಾಗಿ ಸಿಡುಕಲು ಶುರು ಮಾಡಿದರೆ ಮೊದಲು ವೈದ್ಯರ ಹತ್ತಿರ ಹೋಗಿ. ಕೀಲು, ಹಲ್ಲು, ಕಿವಿ ಎಲ್ಲಾದರೂ ನೋವಿರಬಹುದು. ನೋವಿರುವ ನಾಯಿಗೆ ಶಿಸ್ತು ಕಲಿಸಲು ಹೊರಡುವುದು ಕ್ರೌರ್ಯ.

ಊಟ ಬೇರೆ ಬೇರೆ. ಇದರಲ್ಲಿ ರಾಜಿ ಇಲ್ಲ. ನಾಲ್ಕು ಬಟ್ಟಲು, ನಾಲ್ಕು ಜಾಗ, ನಡುವೆ ಬಾಗಿಲು ಅಥವಾ ಗೇಟು, ತಿಂದಾದ ಮೇಲೆ ಬಟ್ಟಲು ಎತ್ತಿಟ್ಟ ನಂತರವೇ ಬಾಗಿಲು ತೆಗೆಯುವುದು. ಮೂಳೆ, ಜಗಿಯುವ ವಸ್ತು ಕೊಡುವಾಗಲೂ ಹಾಗೆಯೇ. ಒಟ್ಟಿಗೆ ತಿನ್ನಲು ಕಲಿಯಲಿ ಎಂದು ಪಕ್ಕಪಕ್ಕ ಬಟ್ಟಲಿಟ್ಟು ನಿಲ್ಲುವವರಿದ್ದಾರೆ. ಯಾತಕ್ಕೆ? ನಾಯಿಗೆ ಅದರಿಂದ ಏನು ಲಾಭ? ಬೆಳೆಯುವ ಮರಿಗೆ ಬೇಕಾದ ಊಟ ಬೇರೆ, ಮೈ ಬಗ್ಗದ ಮುದುಕನದು ಬೇರೆ, ಬೇರೆ ಬೇರೆ ತಿನ್ನಿಸಿದರೆ ಯಾರು ಎಷ್ಟು ತಿಂದರು, ಯಾರು ಬಿಟ್ಟರು ಎನ್ನುವುದೂ ಗೊತ್ತಾಗುತ್ತದೆ. ಊಟ ಬಿಡುವುದು ಹಲವು ಕಾಯಿಲೆಗಳ ಮೊದಲ ಸುಳಿವು. ಒಂದೇ ದೊಡ್ಡ ತಟ್ಟೆಯಲ್ಲಿ ಎಲ್ಲರಿಗೂ ಹಾಕಿದರೆ ಆ ಸುಳಿವೇ ಸಿಗುವುದಿಲ್ಲ.

ಔಷಧಿಯಲ್ಲಂತೂ ಹಂಚಿಕೆ ಬೇಡವೇ ಬೇಡ. ಒಬ್ಬನಿಗೆ ಬರೆದುಕೊಟ್ಟ ಮಾತ್ರೆಯಲ್ಲಿ ಉಳಿದದ್ದನ್ನು ಇನ್ನೊಬ್ಬಳಿಗೆ ಕೊಡುವುದು ಹಲವು ಮನೆಗಳಲ್ಲಿ ನಡೆಯುತ್ತದೆ. ಕೋಲಿ ಮತ್ತು ಅದಕ್ಕೆ ಹತ್ತಿರದ ಕೆಲವು ತಳಿಗಳಲ್ಲಿ ಎಂಡಿಆರ್‌1 ಎಂಬ ಜೀನ್‌ನಲ್ಲಿ ಬದಲಾವಣೆ ಇರಬಹುದು. ಅಂಥ ನಾಯಿಗೆ ಹುಳುಗಳಿಗೆಂದು ಕೊಡುವ ಐವರ್ಮೆಕ್ಟಿನ್ ಎಂಬ ಔಷಧಿ ದೊಡ್ಡ ಪ್ರಮಾಣದಲ್ಲಿ ಹೋದರೆ ಅದು ಮಿದುಳಿಗೆ ಸೇರಿ ನಡುಕ, ತೂರಾಟ, ಕೊನೆಗೆ ಜೀವಕ್ಕೇ ಅಪಾಯ. ಪಕ್ಕದಲ್ಲಿ ಮಲಗಿದ ಲ್ಯಾಬ್ರಡಾರ್‌ಗೆ ಅದೇ ಔಷಧಿ ಏನೂ ಮಾಡದೆ ಇರಬಹುದು. ಇನ್ನು ಮನುಷ್ಯರ ನೋವಿನ ಮಾತ್ರೆ ಐಬುಪ್ರೊಫೆನ್ ಯಾವ ನಾಯಿಗೂ ಕೊಡಬಾರದು, ಹೊಟ್ಟೆ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ.

ನಡೆಸಿಕೊಂಡು ಹೋಗುವುದೂ ಬೇರೆ ಬೇರೆ. ಇದಕ್ಕೆ ಸಮಯ ಎಲ್ಲಿಂದ ತರೋಣ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆ ಸಮಯ ಇಲ್ಲ ಅನ್ನುವುದಾದರೆ ಇನ್ನೊಂದು ನಾಯಿ ಬೇಡ ಅನ್ನುವುದೇ ನನ್ನ ಉತ್ತರ. ರಾಜನಿಗೆ ದೂರ ಹೋಗುವುದು ಬೇಡ, ನಿಂತು ಮೂಸುವುದು ಬೇಕು. ಒಂದು ಗಿಡದ ಬುಡದಲ್ಲಿ ಅವನು ಎಷ್ಟು ಹೊತ್ತು ನಿಂತರೂ ನಾವು ಲೀಶ್ ಎಳೆಯುವುದಿಲ್ಲ. ಕರಿಯನಿಗೆ ಜನ ಕಡಿಮೆ ಇರುವ ಹೊತ್ತು, ಅಗಲದ ದಾರಿ. ಚುಕ್ಕಿಯನ್ನು ಬರೀ ಓಡಿಸಿದರೆ ಸಾಲದು. ಕುರಿ ಕಾಯಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿ ಅದು. ಓಡಿಸಿ ಓಡಿಸಿ ಸುಸ್ತು ಮಾಡುತ್ತೇವೆ ಅಂದುಕೊಂಡರೆ, ಇನ್ನೂ ಜಾಸ್ತಿ ಓಡುವ ಶಕ್ತಿ ಬರುತ್ತದೆ ಅಷ್ಟೆ. ಅವಳಿಗೆ ತಲೆಗೆ ಕೆಲಸ ಕೊಡಬೇಕು, ಬಚ್ಚಿಟ್ಟ ವಸ್ತು ಹುಡುಕುವುದು, ಹೆಸರು ಹೇಳಿದ ಆಟಿಕೆ ತರುವುದು, ಇಂಥದ್ದು. ಆ ಕೆಲಸ ಸಿಗದ ದಿನ ಅವಳು ಮನೆಯೊಳಗೇ ಕುರಿ ಹುಡುಕುತ್ತಾಳೆ. ತಲೆ ತಗ್ಗಿಸಿ, ರಾಜನನ್ನು ನೆಟ್ಟ ಕಣ್ಣಿನಿಂದ ನೋಡುತ್ತಾ, ಕಾಲಿನ ಹತ್ತಿರ ಸುತ್ತಿ ಅವನನ್ನು ಮೂಲೆಗೆ ತಳ್ಳುತ್ತಾಳೆ. ನೋಡಿದವರಿಗೆ ಆಟ, ಅವನಿಗೆ ಹಿಂಸೆ. ಅದು ಆಟವೋ ಅಲ್ಲವೋ ಎಂದು ತಿಳಿಯಲು ಸುಲಭದ ದಾರಿ ಇದೆ. ಅಟ್ಟಿಸಿಕೊಂಡು ಹೋಗುವವಳನ್ನು ಒಂದು ಕ್ಷಣ ಹಿಡಿದುಕೊಳ್ಳಿ. ಇನ್ನೊಬ್ಬ ವಾಪಸ್ ಬಂದು ಆಟಕ್ಕೆ ಕರೆದರೆ ಅದು ಆಟ. ಸಿಕ್ಕಿದ್ದೇ ಸಾಕು ಎಂದು ದೂರ ಹೋದರೆ ಅಲ್ಲಿಗೆ ನಿಲ್ಲಿಸಿಬಿಡಿ.

ಕರಿಯನ ವಿಷಯದಲ್ಲಿ ನಿಮ್ಮ ಅಂಕಣಕಾರರ ಮಾತಿನಲ್ಲೂ ಸ್ವಲ್ಪ ನಿಜ ಇದೆ ಎಂದು ಒಪ್ಪುತ್ತೇನೆ. ಮರಿಗಳು ಲೋಕವನ್ನು ಹೆದರಿಕೆ ಇಲ್ಲದೆ ಒಪ್ಪಿಕೊಳ್ಳುವ ಕಾಲ ಸುಮಾರು 3ನೇ ವಾರದಿಂದ 12–14ನೇ ವಾರದವರೆಗೆ. ಆ ಹೊತ್ತಿನಲ್ಲಿ ಮನುಷ್ಯರ ಒಡನಾಟ ಸಿಗದ ನಾಯಿಗೆ ಆಮೇಲೆ ಎಲ್ಲವೂ ನಿಧಾನ. ಕರಿಯ ಬಂದ ಹೊಸದರಲ್ಲಿ ನಮಗಿಂತ ಜಾಸ್ತಿ ರಾಜನನ್ನು ನಂಬಿದ. ರಾಜ ಮೆಟ್ಟಿಲು ಹತ್ತಿದರೆ ಇವನೂ ಹತ್ತುತ್ತಿದ್ದ, ರಾಜ ನಮ್ಮ ಕೈಯಿಂದ ತಿಂದರೆ ಇವನೂ ಒಂದು ಹೆಜ್ಜೆ ಹತ್ತಿರ ಬರುತ್ತಿದ್ದ. ನಾಯಿಗಳು ನಾಯಿಗಳಿಂದ ಕಲಿಯುತ್ತವೆ, ಅನುಮಾನವೇ ಇಲ್ಲ. ಆದರೆ ಕಲಿಸಿದ್ದು ನೆಮ್ಮದಿಯಾಗಿದ್ದ ಹಳೆಯ ನಾಯಿ. ಅಂಕಣದಲ್ಲಿ ಹೇಳಿದ್ದು ನೆಮ್ಮದಿ ಇಲ್ಲದ ನಾಯಿಯ ಹತ್ತಿರ ಹೊಸದನ್ನು ತಂದು ಬಿಡಿ ಎಂದು. ಎರಡಕ್ಕೂ ಬಹಳ ವ್ಯತ್ಯಾಸ. ಅದೂ ಅಲ್ಲದೆ ರಾಜ ಪಕ್ಕದಲ್ಲಿಲ್ಲದಾಗಲೂ ಕರಿಯ ಧೈರ್ಯವಾಗಿ ಇರಬೇಕಲ್ಲ? ಮುದುಕ ಎಷ್ಟು ದಿನ ಇರುತ್ತಾನೆ ಹೇಳಿ. ಅದಕ್ಕೇ ಕರಿಯನಿಗೂ ದಿನಾ ಒಂಟಿ ಪಾಠ. ಹೊಸಬರ ಕೈಯಲ್ಲಿ ಟ್ರೀಟ್ ಕೊಟ್ಟು ಅವನನ್ನು ಹತ್ತಿರ ಎಳೆಯುವುದಿಲ್ಲ. ದೂರದಲ್ಲೇ ಕೂತು, ಅವನಾಗಿ ನೋಡಿದಾಗ ನಾವೇ ಕೊಡುತ್ತೇವೆ. ಹತ್ತಿರ ಹೋಗುವುದು, ಬಿಡುವುದು ಅವನಿಗೆ ಬಿಟ್ಟಿದ್ದು.

ಬಂದವರೆಲ್ಲ ಕೇಳುವ ಇನ್ನೊಂದು ಪ್ರಶ್ನೆ: ಇವುಗಳಲ್ಲಿ ಲೀಡರ್ ಯಾರು? ಅವನನ್ನು ಗುರುತಿಸಿ ಅವನಿಗೇ ಮೊದಲು ಊಟ ಹಾಕಬೇಕಂತೆ, ನಾವು ಅವನಿಗೂ ಲೀಡರ್ ಆಗಿರಬೇಕಂತೆ. ಈ ವಿಚಾರ ಬಂದದ್ದು ತೋಳಗಳಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಆವರಣದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದದ್ದು. ಆಮೇಲೆ ತೋಳಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ಡೇವಿಡ್ ಮೆಕ್ ಕಾಡಿನಲ್ಲಿ ವರ್ಷಗಟ್ಟಲೆ ನೋಡಿ, 1999ರಲ್ಲಿ ಬೇರೆಯೇ ಮಾತು ಹೇಳಿದರು. ಕಾಡಿನ ತೋಳದ ಹಿಂಡು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಒಂದು ಕುಟುಂಬ, ಅಲ್ಲಿ ಗದ್ದುಗೆಗೆ ಹೊಡೆದಾಟ ಇಲ್ಲ. ಅವರೂ ಮೊದಲು 'ಆಲ್ಫಾ', ಅಂದರೆ ಹಿಂಡಿನ ಲೀಡರ್, ಎಂಬ ಮಾತನ್ನು ಬಳಸಿದವರೇ. ತೋಳಗಳಿಗೇ ಸರಿಹೊಂದದ ವಿಚಾರವನ್ನು ನಾಯಿಯ ಕುತ್ತಿಗೆ ಒತ್ತಿ ಹಿಡಿಯಲು ನೆಪ ಮಾಡಿಕೊಳ್ಳುವುದು ಇನ್ನಾದರೂ ನಿಲ್ಲಬೇಕು. ಪ್ರಾಣಿಗಳ ನಡವಳಿಕೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ, ನಾಯಿಗೆ ಕಲಿಸಲು ಬಹುಮಾನದ ದಾರಿಯೇ ಸರಿ, ಕರೆಂಟ್ ಹೊಡೆಯುವ ಪಟ್ಟಿ, ಮುಳ್ಳುಪಟ್ಟಿ ಬೇಡ ಎಂದು. ಹಲವು ನಾಯಿಗಳಿರುವ ಮನೆಯಲ್ಲಿ ಇದು ಇನ್ನೂ ಮುಖ್ಯ. ಒಂದಕ್ಕೆ ನೋವಾದಾಗ ಪಕ್ಕದಲ್ಲಿದ್ದ ನಾಯಿಯಿಂದಲೇ ಆ ನೋವು ಬಂತು ಎಂದು ಅದು ಅಂದುಕೊಳ್ಳಬಹುದು.

ಜಗಳದ ಬಗ್ಗೆ ಬರೆಯದೆ ಈ ಪತ್ರ ಮುಗಿಸುವಂತಿಲ್ಲ. ಗೇಟಿನ ಹೊರಗೆ ಯಾರೋ ಹೋದರು, ಒಳಗೆ ಇಬ್ಬರೂ ಬೊಗಳುತ್ತಾ ಉದ್ರೇಕಗೊಂಡರು, ಹೊರಗಿನವರು ಸಿಗಲಿಲ್ಲ, ಪಕ್ಕದವನ ಮೇಲೆ ಬಾಯಿ ಹಾಕಿದರು. ಬಹಳ ಸಲ ಶುರುವಾಗುವುದು ಹೀಗೆ. ಅದಕ್ಕೇ ಗೇಟಿನ ಹತ್ತಿರ ಎಲ್ಲರನ್ನೂ ಒಟ್ಟಿಗೆ ಬಿಡಬಾರದು, ಹೊರಗೆ ಕಾಣದಂತೆ ಏನಾದರೂ ಅಡ್ಡ ಕಟ್ಟಿದರೆ ಅರ್ಧ ತೊಂದರೆ ತಪ್ಪುತ್ತದೆ. ಜಗಳ ಹತ್ತಿಬಿಟ್ಟರೆ ಬಾಯಿಯ ನಡುವೆ, ಕುತ್ತಿಗೆಪಟ್ಟಿಯ ಹತ್ತಿರ ಕೈ ಹಾಕಬೇಡಿ. ಆ ಹೊತ್ತಿನಲ್ಲಿ ನಾಯಿ ಯಾರ ಕೈ ಎಂದು ನೋಡುವುದಿಲ್ಲ. ದೊಡ್ಡ ಸದ್ದು, ಬಕೆಟ್ ನೀರು, ನಡುವೆ ತೂರಿಸಲು ಒಂದು ಹಲಗೆ ಅಥವಾ ಕುರ್ಚಿ. ಬಿಡಿಸಿದ ಮೇಲೆ ಇಬ್ಬರನ್ನೂ ಬೇರೆ ಕೋಣೆಗಳಲ್ಲಿ ಇಡಿ. 'ಈಗಲೇ ರಾಜಿ ಮಾಡಿಸೋಣ' ಅಂತ ಎದುರುಬದುರು ಕೂರಿಸಬೇಡಿ. ದೇಹ ತಣ್ಣಗಾಗಲು ಹೊತ್ತು ಬೇಕು, ಕೆಲವೊಮ್ಮೆ ದಿನಗಳೇ ಬೇಕು. ಮತ್ತೆ ಸೇರಿಸುವಾಗ ಹೊರಗೆ, ಲೀಶ್ ಹಾಕಿ, ದೂರ ದೂರ ಒಂದೇ ದಿಕ್ಕಿಗೆ ನಡೆಸುವುದರಿಂದ ಶುರು ಮಾಡಿ. ಹೊಸ ನಾಯಿಯ ಪರಿಚಯವೂ ಹೀಗೇ ಆಗಬೇಕು. ಒಂದೇ ಲಿಂಗದ ನಾಯಿಗಳ ನಡುವೆ, ಅದರಲ್ಲೂ ಎರಡು ಹೆಣ್ಣುಗಳ ನಡುವೆ ಜಗಳ ತೀವ್ರವಾಗುವುದನ್ನು ವೈದ್ಯರು ಹೆಚ್ಚು ನೋಡುತ್ತಾರೆ. ಚಿಕ್ಕದು ಪೂರ್ತಿ ಪ್ರಬುದ್ಧವಾಗುವ 1ರಿಂದ 3 ವರ್ಷದ ನಡುವೆ ಅದು ಹೆಚ್ಚಾಗಿ ಹೊರಬರುತ್ತದೆ. ಬೆಳ್ಳಿ, ಚುಕ್ಕಿ ಇಬ್ಬರೂ ಹೆಣ್ಣು. ಇಲ್ಲಿಯವರೆಗೆ ಚೆನ್ನಾಗಿದ್ದಾರೆ, ಆದರೂ ಕಾಯುವವರಿಲ್ಲದಾಗ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಡುವುದಿಲ್ಲ. ಕೊನೆಗೂ ಹೊಂದಿಕೊಳ್ಳದ ಜೋಡಿಗಳಿರುತ್ತವೆ. ಅವನ್ನು ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಸರದಿಯ ಮೇಲೆ ಬಿಡುವುದು, ಅಥವಾ ಒಂದಕ್ಕೆ ಒಳ್ಳೆಯ ಬೇರೆ ಮನೆ ಹುಡುಕುವುದು, ಯಾವುದನ್ನೂ ಸೋಲು ಅಂತ ಯಾರೂ ಆಡಿಕೊಳ್ಳಬಾರದು.

ಇನ್ನೊಂದು ವಿಷಯ. ಒಂದೇ ಸಲ ಎರಡು ಮರಿ ತರಬೇಡಿ ಎಂದು ನಿಮ್ಮ ಓದುಗರಿಗೆ ದಯವಿಟ್ಟು ಹೇಳಿ. ಅವು ಒಂದಕ್ಕೊಂದು ಅಂಟಿಕೊಂಡು, ಮನೆಯವರ ಕಡೆ ಗಮನವನ್ನೇ ಕೊಡದೆ, ಒಂದು ಕಣ್ಮರೆಯಾದರೆ ಇನ್ನೊಂದು ಕಂಗಾಲಾಗುವಂತೆ ಬೆಳೆಯುವ ಅಪಾಯವಿದೆ. ತಂದಾಗಿದ್ದರೆ ಬೇರೆ ಹಾಸಿಗೆ, ಬೇರೆ ಪಾಠ, ಬೇರೆ ನಡಿಗೆ, ಮೊದಲ ದಿನದಿಂದಲೇ.

ಸಂಪಾದಕರೇ, ಅಂಕಣ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ, ಅದಕ್ಕೆ ಜಾಗ ಜಾಸ್ತಿ ಕೊಡಿ ಎಂದು ಕೇಳುತ್ತಿದ್ದೇನೆ. ಪ್ರಶ್ನೆ ಕಳಿಸುವವರಿಂದ ಮೊದಲೇ ಕೆಲವು ವಿವರ ಕೇಳಿ: ಮನೆಯಲ್ಲಿ ಎಷ್ಟು ನಾಯಿಗಳಿವೆ, ಪ್ರತಿಯೊಂದರ ವಯಸ್ಸೆಷ್ಟು, ಎಲ್ಲಿ ಮಲಗುತ್ತವೆ, ಎಲ್ಲಿ ತಿನ್ನುತ್ತವೆ, ವೈದ್ಯರಿಗೆ ತೋರಿಸಿದ್ದು ಯಾವಾಗ, ತೊಂದರೆ ಶುರುವಾಗುವ ಮೊದಲು ಮನೆಯಲ್ಲಿ ಏನು ಬದಲಾಗಿತ್ತು. ಕಳೆದ ವಾರದ ಆ ಓದುಗರು ಇನ್ನೂ ಎರಡನೇ ನಾಯಿ ತಂದಿರಲಿಕ್ಕಿಲ್ಲ. ಸಾಧ್ಯವಾದರೆ ಮುಂದಿನ ಸಂಚಿಕೆಯಲ್ಲೇ ಅವರಿಗೆ ಇನ್ನೊಂದು ಉತ್ತರ ಬರಲಿ.

ಇತಿ,
ನಿಮ್ಮ ಕಾಯಂ ಓದುಗರು